ಬನದ ಹುಣ್ಣಿಮೆಯ ರಾತ್ರಿ ಪಾಳಿ

ಇಳಕಲ್ಲಿನ ಬಸ್ ನಿಲ್ದಾಣದ ಸನಿಹ, ಸೀರೆ ಅಂಗಡಿಯ ಮಗ್ಗುಲಿಗೆ, ಎರಡು ಕುರ್ಚಿ ಒಂದು ಬೆಂಚು ಹಿಡಿಯುವಷ್ಟೇ ಬುಕಿಂಗ್ ಆಫೀಸು. ಬನ್ನಿ, ಜರುಗಿ ಕೂಡಿರಿ. ಕಾಲಬುಡದ ಗಂಟು ತುಳಿಯಬೇಡಿ. ಟೋಪಿ ತೆನಿ ಸೆರಗಿನ ಸೀರೆಗಳವು, ರಾತ್ರಿ ಗಾಡಿಯ ಡಿಕ್ಕಿಯಲ್ಲಿ ಬೆಂಗಳೂರಿಗೆ ಹೋಗಬೇಕು. ಜನವರಿ ತಿಂಗಳು, ಬನದ ಹುಣ್ಣಿಮೆ. ಹೊರಗೆ ಕೆಂಪು ಗ್ರಾನೈಟಿನ ದಿಮ್ಮಿ ಹೊತ್ತ ಲಾರಿ ಹಾದರೆ ಗೋಡೆಯ ಕ್ಯಾಲೆಂಡರು ಅಲ್ಲಾಡುತ್ತದೆ.

ಏಜೆಂಟರು ಒಂದು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದಿದ್ದಾರೆ, ಇನ್ನೊಂದರಲ್ಲಿ ಸೀಟಿನ ಚಾರ್ಟು ತೆರೆದಿದೆ.

"ಲೋವರ್ ಇಲ್ರೀ ಅಕ್ಕಾರ, ಅಪ್ಪರ್ ಎರಡ ಅದಾವು. ಹೌದ್ರಿ, ಎಕ್ಸ್‌ಟ್ರಾ ಗಾಡಿ, ಜಾತ್ರಿ ರಶ್ಶಿಗೆ ಬಿಟ್ಟೀವಿ. ಮುಂಜಾನಿ ಎಂಟರ ಒಳಗ ಮೆಜೆಸ್ಟಿಕ್. ಎಂಟ ಅಂದ್ರ ಎಂಟ!"

ಈ ‘ಎಂಟ ಅಂದ್ರ ಎಂಟ’ ಎಂಬುದೇ ಇಲ್ಲಿ ಮಾರಾಟವಾಗುವ ಸರಕು. ಗಾದಿ, ಹೊದಿಕೆ, ಚಾರ್ಜಿಂಗು ಎಲ್ಲ ಗಾಡಿಯಲ್ಲೂ ಇರುತ್ತವೆ. ಗಿರಾಕಿ ಕೇಳುವುದು ಮುಟ್ಟುವ ಹೊತ್ತನ್ನು. ಪರ್ಮಿಟ್ಟಿನ ಪ್ರಕಾರ ಇವು ಒಪ್ಪಂದದ ಗಾಡಿಗಳು, ಸೀಟು ಸೀಟಾಗಿ ಮಾರಿ ದಾರಿಯುದ್ದಕ್ಕೂ ಜನ ಹತ್ತಿಸುವಂತಿಲ್ಲ. ಹೆದ್ದಾರಿಯಲ್ಲಿ ನಡೆಯುವುದೇ ಬೇರೆ, ಅದು ಎಲ್ಲರಿಗೂ ಗೊತ್ತು. ವಾಯವ್ಯ ಸಾರಿಗೆಯ ಬಸ್ಸು ತುಂಬಿಹೋದಾಗ ಸಂಕ್ರಾಂತಿಗೆ ಊರಿಗೆ ಬಂದ ಮಕ್ಕಳನ್ನು ವಾಪಸ್ ಕಳಿಸಲು ಜನ ಈ ಬೆಂಚಿಗೇ ಬರುತ್ತಾರೆ.

ನಾಲ್ಕಕ್ಕೆ ಬನಶಂಕರಿ ಜಾತ್ರೆಗೆ ಕ್ರೂಸರ್ ಹೊರಡುತ್ತದೆ. ಚಾಲಕನ ಪಕ್ಕದಲ್ಲಿ ಏಜೆಂಟರು, ಹಿಂದೆ ಬೆಂಗಳೂರಿನ ಒಂದು ಕುಟುಂಬ, ಅವರ ನಡುವೆ ನೀವು. ಹುನಗುಂದ ದಾಟಿ ಅಮೀನಗಡ. ಅಲ್ಲಿ ಕರದಂಟಿಗೆ ಐದು ನಿಮಿಷ. ಐಹೊಳೆ, ಪಟ್ಟದಕಲ್ಲು ಕಿಟಕಿಯಲ್ಲೇ ಹಿಂದೆ ಸರಿಯುತ್ತವೆ. "ಗುಡಿ ನಾಳಿ ಸಾವಕಾಶ ತೋರಸ್ತೀನ್ರಿ, ಇವತ್ತ ತೇರು ತಪ್ಪಬಾರದು." ಬಾದಾಮಿಯ ಕೆಂಪು ಬಂಡೆ ಇಳಿಬಿಸಿಲಿಗೆ ಇನ್ನಷ್ಟು ಕೆಂಪಾಗಿ ಕಾಣುತ್ತದೆ. ಮಂಗಲೇಶ 578ರಲ್ಲಿ ಮುಗಿಸಿದ ಮೂರನೆಯ ಗುಹೆಯನ್ನು ನೋಡಲು ಈಗ ಯಾರಿಗೂ ಪುರಸೊತ್ತಿಲ್ಲ.

ಬನಶಂಕರಿ ಇನ್ನೂ ದೂರವಿರುವಾಗಲೇ ಗಾಡಿ ನಿಲ್ಲುತ್ತದೆ. ಮುಂದೆ ನಡಿಗೆ. ಚಕ್ಕಡಿ, ಟಂಟಂ, ಕಬ್ಬಿನ ರಸದ ಗಾಣ, ತಲೆಯ ಮೇಲೆ ಬುಟ್ಟಿ ಹೊತ್ತು ರೊಟ್ಟಿ ಮಾರುವ ಅವ್ವಂದಿರು, ತಿಂಗಳುಗಟ್ಟಲೆ ಬೀಡುಬಿಡುವ ನಾಟಕ ಕಂಪನಿಗಳ ಮೈಕು. ಧೂಳು ಮೂಗಿಗೆ ಹತ್ತುತ್ತದೆ. ಹರಿದ್ರಾತೀರ್ಥದ ಕಟ್ಟೆಯ ಮೇಲೆ ಕಾಲಿಡಲು ಜಾಗವಿಲ್ಲ.

ತೇರು ಎಳೆಯುವಾಗ ಎಲ್ಲರ ಕಣ್ಣು ಕಳಸದ ಮೇಲೆ. ನೀವು ಸ್ವಲ್ಪ ಕೆಳಗೆ ನೋಡಿ. ಗಾಲಿಗೂ ಜನಕ್ಕೂ ನಡುವೆ ಖಾಕಿಯ ಒಂದು ಸಾಲು, ಕೈಗೆ ಕೈ ಹೆಣೆದು, ಗಾಲಿಗೆ ಬೆನ್ನು ಕೊಟ್ಟು ನಿಂತಿದೆ. ಮುಂದಿನಿಂದ ಜನ ನೂಕುತ್ತಾರೆ, ಹಿಂದೆ ತೇರು ಉರುಳುತ್ತದೆ. ಎಸೆದ ಉತ್ತತ್ತಿ, ಬಾಳೆಹಣ್ಣು ಅವರ ಟೊಪ್ಪಿಗೆಗೇ ಬಡಿಯುತ್ತವೆ. ಒಬ್ಬ ಹುಡುಗ ಹಗ್ಗ ಮುಟ್ಟಿಯೇ ಬಿಡುತ್ತೇನೆಂದು ನುಸುಳುತ್ತಾನೆ. ಮಹಿಳಾ ಕಾನ್‌ಸ್ಟೇಬಲ್ ಒಬ್ಬರು ಅವನ ಅಂಗಿ ಹಿಡಿದು ಜಗ್ಗುವಾಗ ಅವರ ಹಿಮ್ಮಡಿ ಗಾಲಿಯಿಂದ ಒಂದೇ ಗೇಣು ದೂರ. "ಬಡಿಯಾಕ ಬರಬ್ಯಾಡ್ರಿ" ಎಂದು ಹುಡುಗನ ಮಾವ ಅವರ ಮೇಲೆಯೇ ಜೋರು ಮಾಡುತ್ತಾನೆ. ಅವರು ತಿರುಗಿಯೂ ನೋಡುವುದಿಲ್ಲ, ಮತ್ತೆ ಕೈ ಹೆಣೆಯುತ್ತಾರೆ. ಲಾಠಿ ಬೀಸಿದರೆ ಆ ದೃಶ್ಯ ಹತ್ತು ಮೊಬೈಲಿನಲ್ಲಿ ಸೆರೆಯಾಗುತ್ತದೆ. ಈ ಒಂದು ಗೇಣಿನ ಚಿತ್ರವನ್ನು ಯಾರೂ ತೆಗೆಯಲಿಲ್ಲ.

ಏಜೆಂಟರಿಗೆ ಜನವರಿ ಸುಗ್ಗಿ. ಪೊಲೀಸರಿಗೂ ಅದೇ ತಿಂಗಳು: ಇಲ್ಲಿ ಜಾತ್ರೆ, ಅತ್ತ ಕೃಷ್ಣೆ ಮಲಪ್ರಭೆ ಕೂಡುವ ಕೂಡಲಸಂಗಮದಲ್ಲಿ ಸಂಕ್ರಾಂತಿ ಸ್ನಾನಕ್ಕೂ ಶರಣ ಮೇಳಕ್ಕೂ ಜನಸಾಗರ. ಬಂದೋಬಸ್ತಿನ ಪಟ್ಟಿ ಬಾಗಲಕೋಟೆಯ ನವನಗರದ ಎಸ್‌ಪಿ ಕಚೇರಿಯಿಂದ ಬರುತ್ತದೆ. ಅದರಲ್ಲಿ ಹೆಸರಿದ್ದವನಿಗೆ ಹಬ್ಬ ಇಲ್ಲ.

ವಾಪಸಾಗುವಾಗ ನಡುರಾತ್ರಿ. ಬೆಂಗಳೂರಿನವರು ಬಾದಾಮಿಯ ಲಾಡ್ಜಿನಲ್ಲಿ ಉಳಿದರು. ಅವರ ಜಾಗದಲ್ಲಿ ಈಗ ಎಕ್ಸ್‌ಟ್ರಾ ಗಾಡಿ ಹಿಡಿಯಬೇಕಾದ ನಾಲ್ವರು. ಹೆಡ್‌ಲೈಟಿನ ಬೆಳಕಿಗೆ ಜೋಳದ ಹೊಲ, ಮಂಜು, ಮತ್ತೆ ಜೋಳದ ಹೊಲ. ಒಮ್ಮೆಲೇ ಚಾಲಕ ಬ್ರೇಕು ತುಳಿಯುತ್ತಾನೆ. ಎದುರಿಗೆ ಕಬ್ಬಿನ ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು. ಕೆಂಪು ದೀಪ ಇಲ್ಲ, ಹೊಳೆಯುವ ಪಟ್ಟಿ ಇಲ್ಲ, ಕತ್ತಲಲ್ಲಿ ಕತ್ತಲೆಯೇ ನಡೆದುಹೋದಂತೆ. ಅದರೊಳಗಿಂದ ಹಾಡು ಮಾತ್ರ ಕಿವಿ ಕಿತ್ತುಹೋಗುವಷ್ಟು ಜೋರಾಗಿ ಕೇಳುತ್ತದೆ. ಕಾರ್ಖಾನೆ ನುರಿಯುವ ತಿಂಗಳುಗಳಲ್ಲಿ ಪೊಲೀಸರು ಇವುಗಳನ್ನು ನಿಲ್ಲಿಸಿ ತಾವೇ ರಿಫ್ಲೆಕ್ಟರ್ ಅಂಟಿಸುವುದುಂಟು. ಟ್ರೇಲರಿನ ಬೆನ್ನಿಗೆ ಬಾಗಿ ಪಟ್ಟಿ ಅಂಟಿಸುವ ಆ ಹೊತ್ತಿನಲ್ಲಿ ಅವರ ಬೆನ್ನಿಗೆ ಯಾವ ಪಟ್ಟಿಯೂ ಇರುವುದಿಲ್ಲ.

ಹುನಗುಂದದ ಹತ್ತಿರ ಹೆದ್ದಾರಿಯ ಕ್ರಾಸು. ರಾಷ್ಟ್ರೀಯ ಹೆದ್ದಾರಿ 50, ಹಳಬರ ಬಾಯಲ್ಲಿ ಇನ್ನೂ 13. ವಿಜಯಪುರದಿಂದ ಬಂದು ಇಳಕಲ್ಲು, ಕುಷ್ಟಗಿ, ಹೊಸಪೇಟೆ ಹಾಯ್ದು ಚಿತ್ರದುರ್ಗಕ್ಕೆ ಹೋಗುವ ದಾರಿ. ಕ್ರೂಸರ್ ಪಕ್ಕಕ್ಕೆ ನಿಲ್ಲುತ್ತದೆ. ಇಳಿಯಿರಿ, ಚಳಿಯಿದೆ, ಕಿವಿಗೆ ಟವೆಲು ಸುತ್ತಿಕೊಳ್ಳಿ.

ಎರಡು ಬ್ಯಾರಿಕೇಡು, ಒಂದು ಜೀಪು, ಒಬ್ಬ ಎಎಸ್‌ಐ, ಇಬ್ಬರು ಕಾನ್‌ಸ್ಟೇಬಲ್‌ಗಳು, ಒಬ್ಬ ಹೋಮ್‌ಗಾರ್ಡ್. ನಾಕಾಬಂದಿ ಎಂದರೆ ಇಷ್ಟೇ. ನಾಲ್ಕು ಪಥದ ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ಲಾರಿ ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಹತ್ತು ಗಾಲಿಯ ಲಾರಿಗೆ ಸರಕು ಸೇರಿ 28.5 ಟನ್ನಿನವರೆಗೆ ಕಾನೂನೇ ಒಪ್ಪಿಗೆ ಕೊಟ್ಟಿದೆ. ಗ್ರಾನೈಟಿನ ದಿಮ್ಮಿ ಆ ಕಾನೂನನ್ನು ಎಷ್ಟು ಮೀರಿದೆಯೋ ತೂಗಿದವರೇ ಹೇಳಬೇಕು. ಅದರೆದುರು ಕಾನ್‌ಸ್ಟೇಬಲ್ ಕೈಯಲ್ಲಿರುವುದು ಕೆಂಪು ಬೆಳಕಿನ ಒಂದು ಕೋಲು. ಚಾಲಕ ತೂಕಡಿಸುತ್ತಿಲ್ಲ, ಕುಡಿದಿಲ್ಲ, ಓಡಿಹೋಗಲು ಅವನಿಗೆ ಕಾರಣವಿಲ್ಲ. ಮೂರನ್ನೂ ನಂಬಿಯೇ ಕಾನ್‌ಸ್ಟೇಬಲ್ ಪಥಕ್ಕೆ ಕಾಲಿಡಬೇಕು.

"ಓಡ್ಯಾಡೋ ಗಾಡಿ ಅಂಜಿಕಿ ಇಲ್ರಿ," ಎನ್ನುತ್ತಾರೆ ಎಎಸ್‌ಐ, ಚಹಾದ ಕಪ್ಪು ಅಂಗೈಯಲ್ಲಿ ಹೊರಳಿಸುತ್ತ. "ನಮ್ಮನ್ನ ನೋಡಿ ಮೊದಲ ಸ್ಲೋ ಮಾಡಿ ಆಮ್ಯಾಲ ಜೋರ ಮಾಡತೈತಲ್ಲ, ಅದರದ ಅಂಜಿಕಿ."

ಅಂಥ ಗಾಡಿ ಏನು ಮಾಡಬಲ್ಲದು ಎಂದು ತಿಳಿಯಲು ಇಲ್ಲಿಂದ ಬಹಳ ದೂರ ಹೋಗಬೇಕಿಲ್ಲ. 2023ರ ಜೂನ್‌ನಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಮರಳಿನ ಟ್ರ್ಯಾಕ್ಟರ್ ತಡೆಯಲು ಹೋದ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಮೇಲೆ ಅದೇ ಟ್ರ್ಯಾಕ್ಟರ್ ಹರಿಯಿತು. ಅದೇ ಕಲಬುರಗಿಯಲ್ಲಿ 2014ರ ಜನವರಿಯಲ್ಲಿ ರೌಡಿಯ ಗುಂಡು ತಗುಲಿ ಪಿಎಸ್‌ಐ ಮಲ್ಲಿಕಾರ್ಜುನ ಬಂಡೆ ತೀರಿಕೊಂಡಾಗ ರಾಜ್ಯವೆಲ್ಲ ಮರುಗಿತು. ಗುಂಡಿನ ಸಾವು ನಮಗೆ ನೆನಪಿರುತ್ತದೆ, ಗಾಲಿಯ ಸಾವು ಎರಡು ದಿನದ ಸುದ್ದಿ. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳನ್ನು ತಿರುವಿದರೆ, ಕರ್ತವ್ಯದ ಮೇಲಿದ್ದಾಗ ಸಾಯುವ ಪೊಲೀಸರಲ್ಲಿ ಅಪಘಾತದಲ್ಲಿ ಹೋದವರೇ ಹೆಚ್ಚು. 2024ರ ಡಿಸೆಂಬರ್ 1ರಂದು ತರುಣ ಐಪಿಎಸ್ ಅಧಿಕಾರಿ ಹರ್ಷವರ್ಧನ್ ಹಾಸನದಲ್ಲಿ ಮೊದಲ ಕೆಲಸಕ್ಕೆ ಹಾಜರಾಗಲು ಹೊರಟಿದ್ದವರು, ಜೀಪಿನ ಟಯರ್ ಸಿಡಿದು ದಾರಿಯಲ್ಲಾದ ಅಪಘಾತದಲ್ಲಿ ತೀರಿಕೊಂಡರು. 1959ರಲ್ಲಿ ಲಡಾಖಿನ ಹಾಟ್‌ಸ್ಪ್ರಿಂಗ್ಸ್‌ನಲ್ಲಿ ಚೀನಿಯರ ಗುಂಡಿಗೆ ಬಲಿಯಾದ ಹತ್ತು ಜನರ ನೆನಪಿಗೆ ಅಕ್ಟೋಬರ್ 21ರಂದು ಬಾಗಲಕೋಟೆಯಲ್ಲೂ ಹುತಾತ್ಮರ ಹೆಸರು ಓದುತ್ತಾರೆ, ಬಂದೂಕು ತಲೆಕೆಳಗಾಗುತ್ತದೆ. ಅಂಥ ಪಟ್ಟಿಯಲ್ಲಿ ಗಡಿಯ ಸಾವಿನ ಪಕ್ಕದಲ್ಲೇ ಇಂಥ ಕ್ರಾಸಿನ ಸಾವೂ ಬರುತ್ತದೆ.

ಎಕ್ಸ್‌ಟ್ರಾ ಗಾಡಿ ಬಂತು. ದೂರದಿಂದಲೇ ಗುರುತು ಸಿಗುತ್ತದೆ, ನೆತ್ತಿಯ ಮೇಲೆ ನೀಲಿ ದೀಪದ ಸಾಲು. ಬೆಳಕಿನ ಕೋಲು ಎದ್ದಿತು. ಗಾಡಿ ಬ್ಯಾರಿಕೇಡು ದಾಟಿದ ಮೇಲೆಯೇ ನಿಂತಿತು. ಕಾನ್‌ಸ್ಟೇಬಲ್ ಒಂದು ಹೆಜ್ಜೆ ಹಿಂದೆ ಜಿಗಿದದ್ದನ್ನು ನೀವೂ ನೋಡಿದಿರಿ, ಏಜೆಂಟರೂ ನೋಡಿದರು.

ಚಾಲಕ ಇಳಿದ, ಊದಿದ. ನೂರು ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಮ್ ಮೀರಿದರೆ ಕೇಸು. ಯಂತ್ರ ಸೊನ್ನೆ ತೋರಿಸಿತು. "ಇವಾ ಮುಟ್ಟಂಗಿಲ್ರೀ ಸಾಹೇಬ್ರ, ಅಜ್ಜಾರ ಜೋಳಗಿಗೆ ಹಾಕ್ಯಾನ" ಎಂದರು ಏಜೆಂಟರು. ಇಳಕಲ್ಲಿನ ಮಹಾಂತ ಶಿವಯೋಗಿಗಳು ಮನೆಮನೆಗೆ ಜೋಳಿಗೆ ಹಿಡಿದು ದುಡ್ಡಲ್ಲ, ಕುಡಿತ ತಂಬಾಕಿನ ಚಟಗಳನ್ನೇ ಭಿಕ್ಷೆ ಬೇಡಿದವರು. ಅವರ ಹುಟ್ಟುಹಬ್ಬವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಎಎಸ್‌ಐ ನಗಲಿಲ್ಲ.

"ಕುಡದಿಲ್ಲ, ಖರೆ. ನಿದ್ದಿ ಎಷ್ಟ ಆಗೇತಿ ಕೇಳ್ರಿ."

ಚಾಲಕ ನೆಲ ನೋಡಿದ. ಮುಂಜಾನೆಯಷ್ಟೇ ಬೆಂಗಳೂರಿನಿಂದ ಬಂದವನು. ಎರಡನೆಯ ಚಾಲಕನನ್ನು ಎಬ್ಬಿಸಿ ಸ್ಟಿಯರಿಂಗಿಗೆ ಕೂರಿಸುವವರೆಗೆ ಗಾಡಿ ಬಿಡುವುದಿಲ್ಲವೆಂದರು ಎಎಸ್‌ಐ. ಕ್ಯಾಬಿನ್ನಿನಲ್ಲಿ ಮಲಗಿದ್ದವನು ಮುಖ ತೊಳೆದು, ಚಹಾ ಕುಡಿದು ಬರಲು ಅರ್ಧ ತಾಸು. ಕಿಟಕಿಗಳು ಒಂದೊಂದಾಗಿ ಸರಿದವು. "ಎಷ್ಟೊತ್ರೀ ಇದು? ಎಂಟಕ್ಕ ಮುಟ್ಟಸ್ತೀವಿ ಅಂದಿದ್ರಿ." ಬೈಗುಳದ ಅರ್ಧ ಪಾಲು ಏಜೆಂಟರಿಗೆ, ಉಳಿದರ್ಧ ಖಾಕಿಗೆ. ಹತ್ತಕ್ಕೆ ಮುಟ್ಟುತ್ತದೆ ಎಂದು ಟಿಕೆಟಿನ ಮೇಲೆ ಬರೆದಿದ್ದರೆ ಏನಾಗುತ್ತಿತ್ತು ಎಂದು ಏಜೆಂಟರನ್ನು ಕೇಳಿದೆ. "ಪಕ್ಕದ ಆಫೀಸಿನ್ಯಾವ ಏಳೂವರಿ ಅಂತ ಬರೀತಿದ್ದ" ಎಂದರು. ಸುಳ್ಳಲ್ಲ. ಆದರೂ ಎಂಟು ಗಂಟೆ ಎಂಬ ಆ ಮಾತಿನ ಜವಾಬ್ದಾರಿ ಹೊತ್ತು ರಸ್ತೆಯ ನಡುವೆ ನಿಂತವನು ಬೇರೆಯವನೇ, ಅವನಿಗೆ ಇದರಲ್ಲಿ ಕಮಿಷನ್ನೂ ಇಲ್ಲ.

ಗಾಡಿ ಹೊರಟ ಮೇಲೆ ಹಿಂದೆ ಜಿಗಿದಿದ್ದ ಕಾನ್‌ಸ್ಟೇಬಲ್ ಏಜೆಂಟರ ಹತ್ತಿರ ಬಂದರು. ಜಾಕೆಟ್ಟಿನ ಹೊಳೆಯುವ ಪಟ್ಟಿ ಒಂದು ಕಡೆ ಕಿತ್ತುಬಂದಿದೆ.

"ಅಣ್ಣಾರ, ಬುಧವಾರಕ್ಕ ಬೆಂಗಳೂರ ಲೋವರ್ ಸಿಗತೈತೇನ್ರಿ? ಅವ್ವನ್ನ ಕಿದ್ವಾಯಿಗೆ ತೋರಸ್ಬೇಕು. ಅಪ್ಪರ್ ಏರಾಕ ಆಗಂಗಿಲ್ಲ ಅಕಿಗೆ."

ಏಜೆಂಟರು ಚಾರ್ಟು ತೆರೆದರು. ಬೆರಳು ಮೇಲೆ ಕೆಳಗೆ ಓಡಿತು.

"ಮುಂದಿನ ಸಾಲಿನ್ಯಾಗ ಡಬಲ್ ಐತ್ರಿ. ನೀವೂ ಹೊಂಟೀರಲ್ಲ?"

"ಇಲ್ರಿ, ತಂಗಿ ಹೋಗ್ತಾಳ. ನಂದ ಬುಧವಾರ ಸಂಗಮದಾಗ ಬಂದೋಬಸ್ತ್."

"ಹತ್ತೂದು ಎಲ್ಲಿ ಬರೀಲಿ, ಹುನಗುಂದ ಬಸ್‌ಸ್ಟ್ಯಾಂಡ? ಇಲ್ಲಾ ಇಲ್ಲೇ ಕ್ರಾಸಿಗೆ?"

ಕಾನ್‌ಸ್ಟೇಬಲ್ ಹೆದ್ದಾರಿಯತ್ತ ಒಮ್ಮೆ ನೋಡಿ ಹೇಳಿದರು. "ಇಲ್ಲಿ ಬ್ಯಾಡ್ರಿ. ಊರೊಳಗ ಬರೀರಿ."