ಹಟ ಅಂದ್ಕೊಂಡಿದ್ದೆ

ಕೆ.ಆರ್.ಪುರಂ ಸಂತೆಯಲ್ಲಿ ನಡೀತಾ ನಡೀತಾ ಮಗಳು ಕುಕ್ಕರಗಾಲಲ್ಲಿ ಕೂತುಬಿಡೋಳು. ಹಟ ಅಂತ ಕೈ ಹಿಡಿದು ಎಳೆದಿದ್ದೀನಿ. ಅವಳ ತುಟಿ ನೀಲಿಯಾಗೋದು ನನ್ನ ಕಣ್ಣಿಗೆ ಬಿದ್ದಿದ್ದು ಆಮೇಲೆ.

‘ಟೆಟ್ರಾಲಜಿ ಆಫ್ ಫ್ಯಾಲೋ’ ಅಂದರು ಡಾಕ್ಟರು. ಹುಟ್ಟಿನಿಂದಲೇ ಹೃದಯದ ಗೋಡೆಯಲ್ಲಿ ರಂಧ್ರ, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದು. ಹಾಗೆ ಮಡಚಿ ಕೂತಾಗ ಆ ಕಡೆಗೆ ಹೆಚ್ಚು ರಕ್ತ ಹರಿಯುತ್ತಂತೆ. ಮೂರು ವರ್ಷದ ಕೂಸು ತಾನೇ ಕಂಡುಕೊಂಡ ಉಪಾಯ; ಇಂಜಿನಿಯರ್ ಅಪ್ಪನಿಗೆ ಅದು ಹಟ!

ಅಮ್ಮ ಗುರುವಾರ ವಿವೇಕನಗರದ ಬಾಲಯೇಸು ದೇವಾಲಯದಲ್ಲಿ ಮೇಣದಬತ್ತಿ ಹಚ್ಚಿ ಬರ್ತಾರೆ. ನಾನು ಆಪರೇಷನ್‌ಗೆ ರಜೆ ಹಾಕಿದ್ದೀನಿ.

ಕಳೆದ ಭಾನುವಾರ ಚರ್ಚ್ ಮೆಟ್ಟಿಲ ಮೇಲೆ ಮತ್ತೆ ಕೂತಳು. ಒಳಗೆ ಪೂಜೆ ಶುರುವಾಗಿತ್ತು.

“ಅಪ್ಪಾ, ಎಳೀತೀಯಾ?”

ನಾನೂ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತೆ.