ಬೇಗೂರಿನ ಕಲ್ಲು ನೋಡಿ ಬಂದೆ

ಅರೆಕೆರೆ, ಬೆಂಗಳೂರು
ಭಾನುವಾರ ರಾತ್ರಿ

ಪ್ರೀತಿಯ ಅಣ್ಣಯ್ಯ,

ಫೋನಿನಲ್ಲಿ ನಾನು ಹೇಳಿದ್ದು ನಿನಗೆ ಅರ್ಧವೂ ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ. ಮೊಮ್ಮಗನಿಗೆ ಹಲ್ಲು ಬರುತ್ತಿದೆ, ಹಾಗಾಗಿ ರಾತ್ರಿ ಮನೆಯವರಿಗೆಲ್ಲ ಜಾಗರಣೆ. ಅರೆಕೆರೆಯಲ್ಲಿ ಕೆರೆ ಎಲ್ಲಿದೆ ಅಂತ ನಗುತ್ತಿದ್ದೆಯಲ್ಲ, ಇದೆ ಕಣೋ. ಸುತ್ತ ಬೇಲಿ ಹಾಕಿದ್ದಾರೆ, ಬೆಳಿಗ್ಗೆ ನನ್ನಂಥ ಮುದುಕಿಯರೆಲ್ಲ ಪ್ರದಕ್ಷಿಣೆ ಹಾಕುತ್ತೇವೆ.

ಇವತ್ತು ಬೇಗೂರಿಗೆ ಹೋಗಿದ್ದೆ. ಅರೆಕೆರೆ ಗೇಟಿನಲ್ಲಿ ಆಟೋ ಹತ್ತಿ, ಮೆಟ್ರೊ ಕಂಬಗಳ ಪಕ್ಕದಲ್ಲಿ ಹುಳಿಮಾವಿನವರೆಗೆ ತೆವಳಿ, ಅಲ್ಲಿಂದ ಎಡಕ್ಕೆ ತಿರುಗಿದರೆ ಬೇಗೂರಿನ ದಾರಿ. ಅಪಾರ್ಟ್‌ಮೆಂಟು ಮುಗಿಯುವುದೇ ಇಲ್ಲವೇನೋ ಅನ್ನುವಾಗ ಗೋಪುರ ಕಾಣಿಸಿತು. ನಾಗನಾಥೇಶ್ವರನ ಗುಡಿ. ಗೋಪುರ ಮೊನ್ನೆಮೊನ್ನೆಯದು, ಒಳಗಿನ ಗುಡಿ ಗಂಗರ ಕಾಲದ್ದು. ದೇವರಿಗೆ ಕೈಮುಗಿದೆ ಅನ್ನು, ಆದರೆ ನಾನು ಹೋದದ್ದು ಒಂದು ಕಲ್ಲಿಗೋಸ್ಕರ.

ಆ ಕಲ್ಲಿನಲ್ಲಿರುವುದು ಕೆಲವೇ ಸಾಲು, ಹಳಗನ್ನಡ. ನಾಗತ್ತರನ ಕಡೆಯವನೊಬ್ಬ ಬೆಂಗಳೂರ ಕಾಳಗದಲ್ಲಿ ಸತ್ತ ಅಂತ ಬರೆದಿದೆ. ಸುಮಾರು ಕ್ರಿ.ಶ. 890ರದ್ದು. ನೂರು ವರ್ಷದ ಹಿಂದೆ ಶಾಸನಗಳ ವಿದ್ವಾಂಸ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿತ್ತು. ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟದ್ದಕ್ಕೆ ಬೆಂಗಳೂರು ಅಂತ ಹೆಸರು ಬಂತು ಎನ್ನುವ ಕಥೆಯನ್ನು ಮೂವತ್ತು ವರ್ಷ ನಾನೂ ಶಾಲೆಯಲ್ಲಿ ಮಕ್ಕಳಿಗೆ ಹೇಳಿದ್ದೇ ಹೇಳಿದ್ದು. ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ, ಊರಿನ ಹೆಸರು ಅವನಿಗಿಂತ ಹತ್ತಿರಹತ್ತಿರ ಮುನ್ನೂರು ವರ್ಷ ಹಳೆಯದು! ಕಲ್ಲಿನ ಮುಂದೆ ನಿಂತಾಗ ಸ್ವಲ್ಪ ನಾಚಿಕೆಯೇ ಆಯಿತು.

ಆದರೆ ನನ್ನನ್ನು ಹಿಡಿದದ್ದು ಆ ನಾಗತ್ತರ. ಗಂಗರ ಕೆಳಗೆ ಈ ಸೀಮೆಯ ಒಡೆಯ. ಬೇಗೂರಿಗೆ ಆಗ ಬೆಂಪೂರು ಅನ್ನುತ್ತಿದ್ದರು. ಗಂಗವಾಡಿ ತೊಂಬತ್ತಾರು ಸಾವಿರ, ಅದರೊಳಗೆ ಬೆಂಪೂರು ಹನ್ನೆರಡು. ಹನ್ನೆರಡು ಊರು ಅಂದರೆ ಎಷ್ಟು ಹೇಳು? ನಮ್ಮ ಹೋಬಳಿಯ ಒಂದು ಮೂಲೆ. ಅವನ ವೀರಗಲ್ಲಿನ ಶಾಸನದಲ್ಲಿ ಊರುಗಳ ಪಟ್ಟಿಯೇ ಇದೆ. ಅದರಲ್ಲಿರುವ ಇಗ್ಗಲೂರು ಅನ್ನುವ ಹೆಸರು ಆನೇಕಲ್ ಕಡೆ ಇವತ್ತಿಗೂ ಬಸ್ಸಿನ ಬೋರ್ಡಿಗೆ ಬರುವಂಥದ್ದು.

ಆ ಪಟ್ಟಿಯಿರುವ ವೀರಗಲ್ಲು ಬೇಗೂರಿನಲ್ಲಿ ಇಲ್ಲ, ಕಸ್ತೂರಬಾ ರಸ್ತೆಯ ಮ್ಯೂಸಿಯಂಗೆ ಹೋಗಿದೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಬಂದಿದ್ದಾಗ ನೋಡಿದ್ದೆ. ಆನೆ, ಕುದುರೆ, ಕತ್ತಿ, ಬಿಲ್ಲು, ಬೆರಳಿಡಲು ಜಾಗವಿಲ್ಲದ ಹಾಗೆ ಕೆತ್ತಿದ್ದಾರೆ. ವೀರಮಹೇಂದ್ರನ ಮೇಲೆ ಯುದ್ಧಕ್ಕೆ ಹೊರಟ ಅಯ್ಯಪದೇವ ಎಂಬುವನ ನೆರವಿಗೆ ಗಂಗರ ಎರೆಯಪ್ಪರಸ ಈ ನಾಗತ್ತರನನ್ನು ದಂಡಿನ ಜೊತೆ ಕಳಿಸಿದ. ತುಂಬೆಪಾಡಿಯಲ್ಲಿ ಕಾಳಗ. ನಾಗತ್ತರ ಅಲ್ಲೇ ಬಿದ್ದ. ಜಗಳ ಇನ್ಯಾರದೋ, ಅಪ್ಪಣೆ ಇನ್ಯಾರದೋ, ಸತ್ತವನು ಬೇಗೂರಿನವನು. ರಾಜ ಅಂದರೆ ಸಿಂಹಾಸನದ ಮೇಲೆ ಕೂತವನು ಅಂತ ಪಾಠ ಮಾಡಿದೆವು. ಇಂಥ ಸಣ್ಣ ಒಡೆಯರು ಕೂತದ್ದು ಕಡಿಮೆ, ಕರೆದಾಗ ಎದ್ದು ಹೋದದ್ದೇ ಹೆಚ್ಚು ಅನಿಸುತ್ತದೆ ನನಗೆ.

ಮುಂದಿನದು ಕೇಳು. ಸುದ್ದಿ ತಿಳಿದ ಎರೆಯಪ್ಪ ಇರುಗ ಎಂಬುವನಿಗೆ 'ನಾಗತ್ತರ' ಅಂತಲೇ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ, ಅಂದರೆ ಸತ್ತ ವೀರನ ಗೌರವಕ್ಕೆ ಕೊಡುವ ದತ್ತಿಯಾಗಿ, ಕೊಟ್ಟ. ಮಠಗಳಲ್ಲಿ ಹೊಸ ಸ್ವಾಮಿಗಳಿಗೆ ಹಳೆಯವರ ಹೆಸರು ಬರುವುದಿಲ್ಲವೇ, ಹಾಗೆ. ಮನುಷ್ಯ ಹೋದ, ಹೆಸರು ಊರಿನಲ್ಲೇ ಉಳಿಯಿತು. ಬೇಗೂರಿನ ಇನ್ನೊಂದು ಶಾಸನದಲ್ಲಿ ನಾಗತ್ತರನ ಮಗಳು ತೊಂಡಬ್ಬೆ ಬರುತ್ತಾಳೆ. ಜೈನಳು, ಸಲ್ಲೇಖನ ಕೈಗೊಂಡು ಅನ್ನ ನೀರು ಬಿಟ್ಟು ದೇಹ ಬಿಟ್ಟವಳು. ಆ ಮನೆಯ ಗಂಡಸಿನ ಸಾವಿಗೆ ಅರಸನ ಅಪ್ಪಣೆ ಬೇಕಾಯಿತು. ಹೆಣ್ಣುಮಗಳು ಯಾವ ಅರಸನ ಅಪ್ಪಣೆಗೂ ಕಾಯಲಿಲ್ಲ. ಅಳಿಯಂದಿರ ಮುಂದೆ ಹೀಗೆ ಅಂದೆ, ಅವರು ಸುಮ್ಮನೆ ಕಾಫಿ ಕುಡಿದರು.

ಗುಡಿಯ ಕಟ್ಟೆಯ ಮೇಲೆ ಕೂತಾಗ ತಾತನ ನೆನಪು ಬಂತು. ಅಮಲ್ದಾರರು ಬರುವ ದಿನ ರುಮಾಲಿನ ಒಂದು ತುದಿಯನ್ನು ನಿನ್ನ ಕೈಗೆ ಕೊಟ್ಟು, ಪಡಸಾಲೆಯ ಆ ಕಡೆಗೆ ನಿಲ್ಲಿಸಿ, ತಾವು ಸುತ್ತಿಕೊಳ್ಳುತ್ತಾ ಸುತ್ತಿಕೊಳ್ಳುತ್ತಾ ನಿನ್ನ ಹತ್ತಿರ ಬರುತ್ತಿದ್ದರಲ್ಲ? ನೀನು ಬೇಕೆಂತಲೇ ಸಡಿಲ ಬಿಟ್ಟು ಬೈಸಿಕೊಳ್ಳುತ್ತಿದ್ದೆ. ತಾತನದು ಒಂದೇ ಊರಿನ ಪಟೇಲಿಕೆ, ಆದರೂ ಕಂದಾಯ ಕಟ್ಟಲಾಗದವರ ಬಾಕಿಯನ್ನು ತಾವೇ ಕಟ್ಟಿ, ಅಜ್ಜಿಯ ಕಾಸಿನ ಸರ ಹೋಯಿತು. 1963ರಲ್ಲಿ ಪಟೇಲಿಕೆ ರದ್ದಾದಾಗ ನನಗೆ ಆರು ವರ್ಷ. ಆಮೇಲೆ ತಾತ ರುಮಾಲು ಸುತ್ತಿದ್ದು ನನಗೆ ನೆನಪಿಲ್ಲ. ಜನ ಮಾತ್ರ ಇವತ್ತಿಗೂ ನಿನ್ನನ್ನು 'ಪಟೇಲರೇ' ಅಂತಲೇ ಕರೆಯುತ್ತಾರೆ, ನೀನೂ ಓಗೊಡುತ್ತೀ.

ಒಂದು ಕೆಲಸ ಹೇಳುತ್ತೇನೆ, ಮರೆಯಬೇಡ. ನಮ್ಮ ಕೆರೆ ಏರಿಯ ಮೇಲೆ ಅರ್ಧ ಹೂತ ಕಲ್ಲಿದೆಯಲ್ಲ, ನಾವು ಚಿಕ್ಕವರಿದ್ದಾಗ ಹುಣಸೆಬೀಜ ಉಜ್ಜುತ್ತಿದ್ದದ್ದು. ಕತ್ತಿ ಹಿಡಿದ ಒಬ್ಬ ಇದ್ದಾನೆ, ಅವನ ತಲೆಯ ಮೇಲಿನ ಪಟ್ಟಿಯಲ್ಲಿ ಏನೋ ಗೀಚಿದ ಹಾಗಿದೆ. ಬರೀ ನೀರು ಹಾಕಿ ತೊಳೆಸು. ಸುಣ್ಣ, ಎಣ್ಣೆ, ಕುಂಕುಮ ಯಾವುದೂ ಬೇಡ, ತಂತಿ ಬ್ರಷ್ ಅಂತೂ ಮುಟ್ಟಿಸಬೇಡ. ಸಂಜೆ ಐದರ ಓರೆ ಬಿಸಿಲಿನಲ್ಲಿ ನಿನ್ನ ಮೊಮ್ಮಗಳ ಕೈಲಿ ಫೋಟೋ ತೆಗೆಸಿ ಕಳಿಸು. ಅತ್ತಿಗೆಗೆ ಹೇಳು, ಉಪ್ಪಿನಕಾಯಿ ಮುಗಿಯುತ್ತಾ ಬಂತು.

ನಿನ್ನ ತಂಗಿ