ಸಾರಿನ ಬಕೆಟ್ ಒಂದೇ, ಎಲೆ ಒಬ್ಬೊಬ್ಬರಿಗೂ ಬೇರೆ

ಮದುವೆ ಊಟಕ್ಕೆ ಕೂತವರಿಗೆ ಯಾರೂ ಹೇಳಿಕೊಡದೇ ಗೊತ್ತಿರೋ ನಿಯಮ ಒಂದಿದೆ. ಸಾರಿನ ಬಕೆಟ್ ಇಡೀ ಪಂಕ್ತಿಗೆ ಒಂದೇ. ಬಾಳೆಲೆ ಮಾತ್ರ ಒಬ್ಬೊಬ್ಬರಿಗೂ ಬೇರೆ. ಊಟ ಮುಗಿದ ಮೇಲೆ ಎಲೆ ಎತ್ತಿಬಿಡ್ತಾರೆ, ಬಕೆಟ್ ಮುಂದಿನ ಪಂಕ್ತಿಗೆ ಹೋಗುತ್ತೆ. ಒಬ್ಬರು ಉಂಡ ಎಲೆಗೆ ಇನ್ನೊಬ್ಬರಿಗೆ ಬಡಿಸೋದನ್ನ ಯಾರೂ ಕನಸಲ್ಲೂ ಯೋಚಿಸಲ್ಲ.

ಸಾಫ್ಟ್‌ವೇರ್‌ನಲ್ಲಿ ಇದು ಇಷ್ಟು ಸುಲಭಕ್ಕೆ ಕಣ್ಣಿಗೆ ಬೀಳಲ್ಲ. ಎರಡು ದೊಡ್ಡ ಫ್ರೇಮ್‌ವರ್ಕ್‌ಗಳನ್ನು ಜೋಡಿಸುವಾಗ ಎಲೆ ಯಾವುದು, ಬಕೆಟ್ ಯಾವುದು ಅನ್ನೋದು ಸದ್ದಿಲ್ಲದೆ ಅದಲುಬದಲಾಗಬಹುದು. ಹಾಗೆ ಆಗಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಟೀಮ್ ಒಂದು ಡಯಾಗ್ನಾಸ್ಟಿಕ್ ಲ್ಯಾಬ್‌ನ ರಿಪೋರ್ಟ್ ಸರ್ವಿಸ್ ನೋಡಿಕೊಳ್ಳುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿದವರು ಮೊಬೈಲ್‌ನಲ್ಲಿ ಲಾಗಿನ್ ಆದರೆ ಅವರವರ ರಿಪೋರ್ಟ್ ಬರಬೇಕು, ಅಷ್ಟೇ. ಜಾವಾದಲ್ಲಿ, ಜೆರ್ಸಿ ಅನ್ನೋ ಫ್ರೇಮ್‌ವರ್ಕ್ ಮೇಲೆ ಬರೆದ ಕೋಡ್. ಹೊರಗಿನಿಂದ ಬಂದ ರಿಕ್ವೆಸ್ಟ್ ತಗೊಂಡು ಸರಿಯಾದ ಕ್ಲಾಸ್‌ಗೆ ಮುಟ್ಟಿಸೋದು ಜೆರ್ಸಿಯ ಕೆಲಸ.

ಕೋಡ್ ಹಳೇದಾಗಿತ್ತು. ಪ್ರತಿ ಕ್ಲಾಸೂ ತನಗೆ ಬೇಕಾದ ಡೇಟಾಬೇಸ್, ಪಿಡಿಎಫ್, ಎಸ್ಎಂಎಸ್ ಎಲ್ಲವನ್ನೂ ತಾನೇ ಸೃಷ್ಟಿ ಮಾಡಿಕೊಳ್ಳುತ್ತಿತ್ತು. ಒಂದು ಸಣ್ಣ ಟೆಸ್ಟ್ ಓಡಿಸಬೇಕು ಅಂದ್ರೂ ನಿಜವಾದ ಡೇಟಾಬೇಸ್ ಬೇಕಿತ್ತು. ಅದಕ್ಕೇ ಸ್ಪ್ರಿಂಗ್ ತರೋದು ಅಂತ ತೀರ್ಮಾನವಾಯಿತು.

ಸ್ಪ್ರಿಂಗ್ ಒಂದು ಕಂಟೇನರ್. 'ನಿನಗೆ ಬೇಕಾದ್ದನ್ನ ನೀನೇ ಮಾಡ್ಕೋಬೇಡ, ಏನು ಬೇಕು ಅಂತ ಹೇಳು, ನಾನು ತಂದುಕೊಡ್ತೀನಿ' ಅನ್ನೋ ವ್ಯವಸ್ಥೆ. ಇದಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಅಂತ ಹೆಸರು. ಆ ಹೆಸರು ಎಲ್ಲರ ಬಾಯಲ್ಲಿ ಬಂದಿದ್ದು 2004ರಲ್ಲಿ ಮಾರ್ಟಿನ್ ಫೌಲರ್ ಬರೆದ ಲೇಖನದಿಂದ. ಟೆಸ್ಟ್ ಮಾಡುವಾಗ ನಿಜವಾದ ಡೇಟಾಬೇಸ್ ಬದಲು ನಕಲಿ ಕೊಟ್ಟರೂ ಕ್ಲಾಸ್‌ಗೆ ಗೊತ್ತಾಗಲ್ಲ. ನಮಗೆ ಬೇಕಾಗಿದ್ದೂ ಅದೇ.

ತೊಂದರೆ ಏನಂದ್ರೆ, ಜೆರ್ಸಿ 2ರ ಹೊಟ್ಟೆಯೊಳಗೆ ಆಗಲೇ ಎಚ್‌ಕೆ2 ಅನ್ನೋ ಇನ್ನೊಂದು ಕಂಟೇನರ್ ಇದೆ. ಅಂದ್ರೆ ಒಂದೇ ಛತ್ರದಲ್ಲಿ ಇಬ್ಬರು ಅಡುಗೆ ಕಂಟ್ರಾಕ್ಟರ್. ಮೊದಲ ದಿನವೇ ಜಗಳ ಕಾಣಿಸಿತು. ರಿಕ್ವೆಸ್ಟ್ ಬಂದಾಗ ಕ್ಲಾಸ್ ಸೃಷ್ಟಿ ಮಾಡಿದ್ದು ಜೆರ್ಸಿ, ಅದರ ಸುದ್ದಿಯೇ ಸ್ಪ್ರಿಂಗ್‌ಗೆ ಇಲ್ಲ. ಆಟೊವೈರ್ಡ್ ಅಂತ ಬರೆದ ಜಾಗವೆಲ್ಲ ಖಾಲಿ. ನಲ್ ಪಾಯಿಂಟರ್ ಎರರ್.

ಇಂಥ ಎರರ್ ಬಂದ್ರೆ ನಾನು ಹೆದರಲ್ಲ. ಅದು ಕೂಗಿ ಹೇಳುತ್ತೆ, ಎಲ್ಲಿ ಅಂತಾನೂ ತೋರಿಸುತ್ತೆ. ಇಬ್ಬರ ನಡುವೆ ಸೇತುವೆಯಾಗೋಕೆ ಜೆರ್ಸಿ-ಸ್ಪ್ರಿಂಗ್3 ಅಂತಾನೇ ಒಂದು ಮಾಡ್ಯೂಲ್ ಇದೆ. ಅದನ್ನು ಸೇರಿಸಿ, ಜೆರ್ಸಿಯ ಕ್ಲಾಸ್‌ಗಳ ತಲೆ ಮೇಲೆ ಕಾಂಪೊನೆಂಟ್ ಅಂತ ಗುರುತು ಹಾಕಿದ ಮೇಲೆ ಎಲ್ಲ ಓಡಿತು. ಟೆಸ್ಟ್‌ಗಳೆಲ್ಲ ಹಸಿರು.

ರಿಲೀಸ್‌ಗೆ ಮುಂಚೆ ನಮ್ಮ ಟೆಸ್ಟರ್ ಜೆಮೀಟರ್‌ನಲ್ಲಿ ಲೋಡ್ ಟೆಸ್ಟ್ ಓಡಿಸಿದರು. ಸರ್ವರ್ ತಡ್ಕೊಳ್ಳುತ್ತಾ ಅಂತ ಮಾತ್ರ ನೋಡದೆ, ಬಂದ ರಿಪೋರ್ಟ್‌ನಲ್ಲಿ ಹೆಸರು ಸರಿಯಿದೆಯಾ ಅಂತಾನೂ ಚೆಕ್ ಹಾಕಿದ್ದರು. ಆಮೇಲೆ ನನ್ನ ಡೆಸ್ಕ್ ಹತ್ತಿರ ಬಂದರು.

"ಒಂದ್ನಿಮಿಷ ಬಂದು ನೋಡಿ. ಲಾಗಿನ್ ಆಗಿರೋದು ಒಬ್ಬರು, ಬಂದಿರೋ ರಿಪೋರ್ಟ್ ಇನ್ನೊಬ್ಬರದು."

ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಒಬ್ಬೊಬ್ಬರೇ ಲಾಗಿನ್ ಆಗಿ ನೋಡಿದರೆ ಎಲ್ಲ ಸರಿ. ಒಟ್ಟಿಗೆ ಹಲವರು ಬಂದಾಗ ಮಾತ್ರ, ಅದೂ ಆಗೊಮ್ಮೆ ಈಗೊಮ್ಮೆ, ಹೀಗಾಗುತ್ತಿತ್ತು. ಕಾರಣ ಹುಡುಕೋ ಕೆಲಸ ನನ್ನ ಪಾಲಿಗೆ ಬಂತು.

ಹಳೇ ಕ್ಲಾಸ್ ರೋಗಿಯ ಐಡಿಯನ್ನು ತನ್ನದೇ ಒಂದು ಫೀಲ್ಡ್‌ನಲ್ಲಿ ಇಟ್ಕೊಳ್ಳುತ್ತಿತ್ತು. ಬರೆದವರ ತಪ್ಪೇನಿಲ್ಲ. ಯಾಕಂದ್ರೆ ಜೆರ್ಸಿ ಪ್ರತಿ ರಿಕ್ವೆಸ್ಟ್‌ಗೂ ಹೊಸ ಆಬ್ಜೆಕ್ಟ್ ಮಾಡುತ್ತೆ, ಉತ್ತರ ಕಳಿಸಿದ ಮೇಲೆ ಬಿಟ್ಟುಬಿಡುತ್ತೆ. ಅದು ಬಾಳೆಲೆ. ಸ್ಪ್ರಿಂಗ್‌ನ ಪದ್ಧತಿ ಬೇರೆ. ಏನೂ ಹೇಳದಿದ್ದರೆ ಅದು ಒಂದೇ ಆಬ್ಜೆಕ್ಟ್ ಮಾಡಿ ಎಲ್ಲರಿಗೂ ಅದನ್ನೇ ಕೊಡುತ್ತೆ. ಸಿಂಗಲ್ಟನ್ ಅಂತಾರೆ. ಅದು ಬಕೆಟ್. ಕಾಂಪೊನೆಂಟ್ ಅನ್ನೋ ಒಂದು ಪದ ಸೇರಿಸಿದ ಕೂಡಲೇ ಎಲೆಯೆಲ್ಲ ಬಕೆಟ್ ಆಗಿತ್ತು. ಮೊದಲು ಬಂದವರ ಐಡಿ ಫೀಲ್ಡ್‌ನಲ್ಲಿ ಕೂತಿದೆ, ಡೇಟಾಬೇಸ್ ಇನ್ನೂ ಉತ್ತರ ಕೊಟ್ಟಿಲ್ಲ, ಅಷ್ಟರಲ್ಲಿ ಎರಡನೆಯವರು ಬಂದು ಅದೇ ಜಾಗದಲ್ಲಿ ತಮ್ಮ ಐಡಿ ಬರೆದರು. ಮೊದಲನೆಯವರ ಫೋನ್‌ಗೆ ಎರಡನೆಯವರ ರಿಪೋರ್ಟ್ ಹೋಯಿತು. ಎರಡೂ ಫ್ರೇಮ್‌ವರ್ಕ್ ತಮ್ಮ ತಮ್ಮ ನಿಯಮದಂತೆ ಸರಿಯಾಗೇ ಕೆಲಸ ಮಾಡಿದ್ದವು.

ಅವತ್ತು ಪರದೆ ಮೇಲೆ ಇದ್ದದ್ದು ಸುಳ್ಳು ಹೆಸರು, ಸುಳ್ಳು ಅಂಕಿ. ನಿಜವಾದ ಜನ ಆಗಿದ್ದರೆ? ಯಾರೋ ಗರ್ಭಿಣಿಯ ರಿಪೋರ್ಟ್ ಅಪರಿಚಿತರ ಕೈಗೆ, ಯಾರದೋ ಎಚ್ಐವಿ ಫಲಿತಾಂಶ ಪಕ್ಕದ ಬೀದಿಯವರ ಮೊಬೈಲ್‌ಗೆ. ಶುಗರ್ ಹೆಚ್ಚಿರುವವರು 'ಎಲ್ಲ ನಾರ್ಮಲ್' ಅಂತ ಓದಿಕೊಂಡು ಮಾತ್ರೆ ಬಿಟ್ಟಿದ್ದರೆ? ಯಾವ ಎರರ್ ಲಾಗ್‌ನಲ್ಲೂ ಇದು ಸಿಗುತ್ತಿರಲಿಲ್ಲ.

ಸರಿಪಡಿಸಿದ್ದು ಹೀಗೆ. ಐಡಿಯನ್ನು ಫೀಲ್ಡ್‌ನಿಂದ ತೆಗೆದು ಮೆಥಡ್‌ನಿಂದ ಮೆಥಡ್‌ಗೆ ಕೈದಾಟಿಸಿದೆವು. ಆಗ ಅದು ಆಯಾ ರಿಕ್ವೆಸ್ಟ್‌ನ ಸ್ವಂತ ಸೊತ್ತು. ಹಾಗೆ ಬದಲಿಸೋಕೆ ಆಗದ ಕ್ಲಾಸ್‌ಗಳಿಗೆ ರಿಕ್ವೆಸ್ಟ್ ಸ್ಕೋಪ್ ಅಂತ ಸ್ಪಷ್ಟವಾಗಿ ಬರೆದೆವು. ಟೆಸ್ಟರ್ ಅದೇ ಲೋಡ್ ಟೆಸ್ಟ್ ಮತ್ತೆ ಓಡಿಸಿದರು. ಒಂದು ಹೆಸರೂ ತಪ್ಪಲಿಲ್ಲ, ರಿಲೀಸ್ ಆಯಿತು.

ಇದು ಜಾವಾದವರ ಕಥೆ ಮಾತ್ರ ಅಲ್ಲ. ಗೂಗಲ್‌ನ ಗೈಸ್ ಕಂಟೇನರ್ ಏನೂ ಹೇಳದಿದ್ದರೆ ಕೇಳಿದಾಗಲೆಲ್ಲ ಹೊಸದು ಮಾಡುತ್ತೆ, ಅಂದ್ರೆ ಸ್ಪ್ರಿಂಗ್‌ಗೆ ಪೂರ್ತಿ ಉಲ್ಟಾ. ಎಎಸ್‌ಪಿ ಡಾಟ್‌ನೆಟ್ ಕೋರ್‌ನಲ್ಲಿ ಟ್ರಾನ್ಸಿಯೆಂಟ್, ಸ್ಕೋಪ್ಡ್, ಸಿಂಗಲ್ಟನ್ ಅಂತ ಮೂರು ಆಯ್ಕೆ, ಯಾವುದು ಅಂತ ನಾವೇ ಬರೆಯಬೇಕು. ಸಿಂಗಲ್ಟನ್ ಒಳಗೆ ಸ್ಕೋಪ್ಡ್ ಸೇರಿಸಿದರೆ ಡೆವಲಪ್‌ಮೆಂಟ್ ಹಂತದಲ್ಲೇ ಎರರ್ ಕೊಟ್ಟು ತಡೆಯುತ್ತೆ. ಆದರೆ ಸಿಂಗಲ್ಟನ್‌ನ ಫೀಲ್ಡ್‌ನಲ್ಲಿ ನೀವೇ ಯಾರದೋ ಐಡಿ ಬರೆದಿಟ್ಟರೆ ಅದಕ್ಕೂ ಗೊತ್ತಾಗಲ್ಲ.

ಹಾಗಾಗಿ ಈಗ ಯಾವ ಎರಡು ಫ್ರೇಮ್‌ವರ್ಕ್ ಜೋಡಿಸಿದರೂ ರಿವ್ಯೂನಲ್ಲಿ ಎರಡು ಪ್ರಶ್ನೆ ಕೇಳ್ತೀನಿ. ಈ ಆಬ್ಜೆಕ್ಟ್ ಮಾಡೋರು ಯಾರು? ಇದು ಎಷ್ಟು ಹೊತ್ತು ಬದುಕಿರುತ್ತೆ? ನಿಮ್ಮ ಪ್ರಾಜೆಕ್ಟ್‌ನಲ್ಲೂ ಇಂಥ ಜೋಡಣೆ ಇದ್ದರೆ ಸಿಂಗಲ್ಟನ್ ಕ್ಲಾಸ್‌ಗಳನ್ನು ತೆರೆದು, ಫೀಲ್ಡ್‌ಗಳಲ್ಲಿ ಬಳಕೆದಾರರ ಮಾಹಿತಿ ಏನಾದ್ರೂ ಕೂತಿದೆಯಾ ಅಂತ ಒಮ್ಮೆ ನೋಡಿ. ಹಾಗೇ ನಿಮ್ಮ ಟೆಸ್ಟರ್‌ಗೆ ಹೇಳಿ, ಒಬ್ಬರಲ್ಲ, ಒಂದೇ ಸಲ ಹತ್ತು ಜನರ ಹೆಸರಲ್ಲಿ ಲಾಗಿನ್ ಮಾಡಿ, ಯಾರಿಗೆ ಯಾರ ಮಾಹಿತಿ ಬಂತು ಅಂತ ತಾಳೆ ನೋಡೋಕೆ.